ಪೂರ್ತಿ ಗುಣ

ಮಕ್ಕಳ ಐಸಿಯು ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಣ್ಣ-ತಂಗಿ ಕೂತಿದ್ದರು. ತಂಗಿಯ ಕೈಯಲ್ಲಿ ಮಗಳ ಡಿಸ್ಚಾರ್ಜ್ ಕಾಗದವಿತ್ತು.

“ಸಹಿ ಹಾಕಮ್ಮ, ಮನೆಗೆ ಹೋಗೋಣ.”

“‘ಪೂರ್ತಿ ಗುಣ’ ಅಂತ ಬರೆದಿದ್ದಾರಣ್ಣ. ಮಗು ಅತ್ತರೆ ಸದ್ದೇ ಇಲ್ಲ. ಉಸಿರೆಳೆದರೆ ಸೀಟಿ ಹೊಡೆದಂಗೆ ಕೇಳುತ್ತೆ.”

“ಆ ಉಸಿರಿನ ಕೊಳವೆಯಿಂದಲೇ ಜೀವ ಉಳೀತಲ್ವಾ?”

“ಅದಕ್ಕೆ ಕೈ ಮುಗೀತೀನಿ. ಅವಳ ಅಳತೆಯ ಕೊಳವೆ ಖಾಲಿಯಾಗಿದೆ ಅಂತ ದೊಡ್ಡದು ತೂರಿಸಿದ್ರು. ನಾಳೆ ಬದಲಾಯಿಸ್ತೀವಿ ಅಂದೋರು ಹನ್ನೊಂದು ದಿನ ಬಿಟ್ರು. ಚಪ್ಪಲಿ ಅಂಗಡಿಯವನೂ ಹಿಂಗೆ ಮಾಡಲ್ಲ.”

“ಮೆತ್ತಗೆ ಮಾತಾಡೇ, ಒಳಗೆ ಕೇಳಿಸುತ್ತೆ.”

“ಕೇಳಿಸ್ಲಿ. ಅವಳಿಗಂತೂ ಕೂಗೋಕಾಗಲ್ಲ.”

ನರ್ಸ್ ಬಾಗಿಲಿಗೆ ಬಂದು, “ಸಹಿ ಆಯ್ತಾ?” ಎಂದರು.

ತಂಗಿ ‘ಪೂರ್ತಿ ಗುಣ’ಕ್ಕೆ ಗೀಟೆಳೆದು, ‘ಕೊಳವೆಯಿಂದ ಗಂಟಲಿಗೆ ಗಾಯ’ ಎಂದು ಬರೆದು ಸಹಿ ಹಾಕಿದಳು.

ಅಣ್ಣ ಅದನ್ನು ಓದಿದ. “ಪೆನ್ನು ಕೊಡು. ಸಾಕ್ಷಿ ಅಂತ ನಾನೂ ಹಾಕ್ತೀನಿ.”

ಇಬ್ಬರೂ ಕಾಗದ ಹಿಡಿದು ಒಳಗೆ ಹೋದರು.