ಹೊಳೆದಂಡೆಯ ಮನೆಯನ್ನು ನಾನೇಕೆ ಬಿಡಲಿಲ್ಲ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಗ್ರಾಮ ಪಂಚಾಯತಿ ಅಧ್ಯಕ್ಷರಾದ ಶ್ರೀ ಹುಲ್ಲಪ್ಪನವರೇ, ಹುನಗುಂದದಿಂದ ಎರಡು ಬಸ್ಸು ಬದಲಿಸಿ ಬಂದಿರುವ ಮುಖ್ಯ ಅತಿಥಿಗಳೇ, ಇಂದು ಸನ್ಮಾನಗೊಳ್ಳಲಿರುವ ಗೌಂಡಿ ಫಕ್ರುಸಾಬರೇ, ನಿರೂಪಣೆ ಮಾಡುತ್ತಿರುವ ಶಿಕ್ಷಕಿ ಸಾಜಿಯಾ ಅವರೇ, ಮೊದಲ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಧರ್ಮಪತ್ನಿ ದಾನಮ್ಮನವರೇ, ಹೊಸ ಊರಿನ ಸಭಿಕರೇ, ಹಳೇ ಊರಿನ ಸಭಿಕರೇ.

ಒಂದೇ ಊರಿನವರನ್ನು ಎರಡು ಸಲ ಕರೆದೆನೆಂದು ಬೇಸರಪಡಬಾರದು. ಕಳೆದ ಸಲ ಹೊಳೆ ಬಂದಾಗ ದಂಡೆಯಲ್ಲಿ ಉಳಿದಿದ್ದ ನಾವೆಲ್ಲ ಗುಡ್ಡದ ಮೇಲಿನ ಈ ಹೊಸ ಊರಿಗೆ ಬಂದೆವು. ಹೊಳೆ ಇಳಿದ ಮೇಲೆ ಹದಿನಾರು ಮನೆಯವರು ತಿರುಗಿ ದಂಡೆಗೆ ಹೋದಿರಿ. ಆ ಹದಿನಾರು ಮನೆಯವರೂ ಇಂದು ಬಂದಿದ್ದೀರಿ, ಹಿಂದೆ ಕುಳಿತಿದ್ದೀರಿ. ಊಟಕ್ಕೆ ಗೋಧಿ ಹುಗ್ಗಿ ಇದೆ ಎಂಬ ಕಾರಣಕ್ಕೆ ಬಂದಿದ್ದರೂ ಸಂತೋಷವೇ.

ಶಾಲೆಯ ವಾರ್ಷಿಕೋತ್ಸವದಲ್ಲಿ ಫಕ್ರುಸಾಬರ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ಹಾಗೆಯೇ, ಹಳೇ ಊರಿನವರಿಗೆ ಒಂದೆರಡು ಬುದ್ಧಿಮಾತನ್ನೂ ಹೇಳಬೇಕಂತೆ. ಮೂವತ್ತೊಂದು ವರ್ಷ ನಾನು ನಿಮ್ಮ ಮಕ್ಕಳಿಗೆ ಬುದ್ಧಿಮಾತು ಹೇಳಿದ್ದೇನೆ. ಅದರ ಪರಿಣಾಮ ಏನಾಯಿತೆಂದು ಆ ಮಕ್ಕಳ ತಂದೆತಾಯಿಗಳಾದ ನಿಮಗೇ ಗೊತ್ತಿದೆ.

ಫಕ್ರುಸಾಬರು ಯಾರು? ಗೌಂಡಿಗಳು. ಹಳೇ ಊರಿನಲ್ಲಿ ನನ್ನ ಮನೆಯನ್ನು ಕಟ್ಟಿದವರು ಅವರೇ. ಒಳ್ಳೆಯ ಮನೆ. ಪಡಸಾಲೆಯಲ್ಲಿ ಕುಳಿತರೆ ಮಲಪ್ರಭೆ ಕಾಣುತ್ತಿತ್ತು. 2009ರಲ್ಲಿ ಮಲಪ್ರಭೆಯೇ ಪಡಸಾಲೆಗೆ ಬಂದಳು. ಮೂರು ದಿನ ಇದ್ದು ಹೋದಳು. ಆಮೇಲೆ ಸರಕಾರದವರು ಇಲ್ಲಿ ಮನೆ ಕಟ್ಟಿಸಿಕೊಟ್ಟರು. ಹೋಗಬೇಕೋ ಬಿಡಬೇಕೋ ಎಂದು ಹಣಮಪ್ಪನ ಗುಡಿಯ ಮುಂದೆ ಊರೆಲ್ಲ ಸೇರಿತು.

ಹೋಗದಿರಲು ಕಾರಣಗಳಿರಲಿಲ್ಲವೇ? ಇದ್ದವು. ಹೊಲಗಳೆಲ್ಲ ದಂಡೆಯಲ್ಲಿ. ಇಲ್ಲಿ ಬರೀ ಗರಸು ನೆಲ, ನೆರಳಿಗೆ ಒಂದು ಗಿಡವಿಲ್ಲ. ಎಮ್ಮೆ ಕಟ್ಟಲು ಜಾಗವಿಲ್ಲ. ನಳದ ನೀರು ನಾಲ್ಕು ದಿನಕ್ಕೊಮ್ಮೆ. ಹೊಳೆಗೆ ಹೆದರಿ ಬಂದವರಿಗೆ ಕೊಡ ತುಂಬ ನೀರು ಸಿಗುವಂತಿರಲಿಲ್ಲ. ಇದೆಲ್ಲ ನಿಜ. ಇವತ್ತಿಗೂ ಅರ್ಧ ನಿಜ. ಆ ದಿನ ಇವನ್ನೆಲ್ಲ ಎದ್ದು ನಿಂತು ಹೇಳಿದವನು ನಾನೇ. ಚೆನ್ನಾಗಿಯೇ ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಆಗ ಫಕ್ರುಸಾಬರು ಎದ್ದರು. ಸಭೆಯಲ್ಲಿ ಮಾತನಾಡುವವರಲ್ಲ ಅವರು. "ಮಾಸ್ತರ, ಮನಸಿಗೆ ಹಚ್ಗೋಬ್ಯಾಡ್ರಿ. ನಿಮ್ಮ ಮನಿ ಕಟ್ಟಿದಾವ ನಾನಽ. ಅದಕ್ಕಽ ಹೇಳಾಕತ್ತೇನಿ. ಪಡುವಣ ಗ್ವಾಡಿ ನೀರು ಕುಡದೈತ್ರಿ. ಇನ್ನೊಮ್ಮಿ ಹೊಳಿ ಬಂದ್ರ ನಿಲ್ಲಂಗಿಲ್ಲ. ಅದರಾಗ ಇರಬ್ಯಾಡ್ರಿ" ಎಂದರು.

ತಾನು ಕಟ್ಟಿದ ಮನೆ ಬೀಳುತ್ತದೆ ಎಂದು ನಾಲ್ಕು ಜನರ ಮುಂದೆ ಹೇಳಿದ ಗೌಂಡಿಯನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿರಲಿಲ್ಲ. ಕಂಡಾಗ ಅದನ್ನು ದೊಡ್ಡ ಗುಣವೆಂದು ತಿಳಿಯಬೇಕಿತ್ತು. ನಾನು ಅವಮಾನವೆಂದು ತಿಳಿದೆ. ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ ಜನ ಒಂದೇ ಮಾತಿಗೆ ಅವರ ಕಡೆ ತಿರುಗಿದರು ನೋಡಿ, ಅದು ನನಗೆ ಸಹಿಸಲಾಗಲಿಲ್ಲ. ನೆರಳು, ನೀರು, ಎಮ್ಮೆ, ಇವು ಯಾವುವೂ ನಾನು ಹಳೇ ಊರಿನಲ್ಲಿ ಉಳಿಯಲು ಕಾರಣವಲ್ಲ. ಕಾರಣ ಅದೊಂದೇ.

ಇದು ನನ್ನ ಕೈಯಲ್ಲಿರುವ ಹಾಳೆಯಲ್ಲಿ ಇಲ್ಲ. ಹಾಳೆಯಲ್ಲಿ "ಫಕ್ರುಸಾಬರು ಸರಳಜೀವಿಗಳು" ಎಂದಿದೆ. ಅದೂ ನಿಜವೇ.

ಆ ಸಂಜೆ ದಾನಮ್ಮನವರು ಪಾತ್ರೆ ಕಟ್ಟತೊಡಗಿದರು. "ಎಲ್ಲಿಗೆ?" ಎಂದೆ. "ಮನಿ ಕಟ್ಟಿದಾವ ಬೀಳ್ತೈತಿ ಅಂತಾನ. ಕಟ್ಟಿಸಿದಾವ ಬೀಳಂಗಿಲ್ಲ ಅಂತಾನ. ನಾ ಕಟ್ಟಿದಾವನ ಮಾತು ಕೇಳ್ತೇನಿ" ಎಂದರು. ಬೀಸುವ ಕಲ್ಲನ್ನು ಹೊರಿಸಿಕೊಂಡು, ಎಮ್ಮೆಯನ್ನು ಹೊಡೆದುಕೊಂಡು ಗುಡ್ಡ ಹತ್ತಿದರು. ಆಮೇಲೆ ಹತ್ತು ವರ್ಷ ನಮ್ಮದು ಎರಡು ಮನೆಯ ಸಂಸಾರ. ಪ್ರತಿ ರವಿವಾರ ನಾನು ಇಲ್ಲಿಗೆ ಊಟಕ್ಕೆ ಬರುತ್ತಿದ್ದೆ. ಬೀಗರಿಗೆ ಕೊಡುವಂತೆ ಚರಿಗೆಯಲ್ಲಿ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸುತ್ತಿದ್ದರು. ಊಟ ಮುಗಿದ ಮೇಲೆ ಒಂದೇ ಪ್ರಶ್ನೆ: "ಗ್ವಾಡಿ ಹೆಂಗೈತಿ?" ನಾನು "ನಿಂತೈತಿ" ಎನ್ನುತ್ತಿದ್ದೆ. ಹತ್ತು ವರ್ಷ ಗಂಡಹೆಂಡಿರು ಮುಖ್ಯವಾಗಿ ಗೋಡೆಯ ಬಗ್ಗೆಯೇ ಮಾತನಾಡಿದೆವು.

ನಾನು ಒಬ್ಬನೇ ಉಳಿದಿದ್ದರೆ ಈ ಭಾಷಣದ ಅಗತ್ಯವಿರಲಿಲ್ಲ. ಮಾಸ್ತರರು ಇದ್ದಾರೆಂದು ಉಳಿದವರೂ ಇದ್ದರು. ನನ್ನ ಮನೆಯಿಂದ ಮೂರನೆಯ ಮನೆ ಸಿದ್ದಲಿಂಗವ್ವನದು. ಮಣ್ಣಿನ ಮಾಳಿಗೆಯ ಮನೆ. ಅವಳ ಮಗಳು ಮಲ್ಲಮ್ಮ ಇಲ್ಲಿಗೆ ಬಾ ಎಂದು ಕರೆದು ಕರೆದು ಸೋತಳು. ಮುದುಕಿಯ ಉತ್ತರ ಊರಿಗೇ ಗೊತ್ತಿತ್ತು: "ಓದಿದ ಮನಷ್ಯಾ ಅದಾನ ಇಲ್ಲೆ. ಅಂವ ಎದ್ದ ದಿನ ನಾನೂ ಏಳ್ತೇನಿ." ಅದನ್ನು ಕೇಳಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಹೆದರಿಕೆಯಾಗಬೇಕಿತ್ತು.

2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದದ್ದು ನಿಮಗೆ ನೆನಪಿದೆ. ಮೊದಲ ದಿನ ಡಂಗುರ ಸಾರಿದರು. ಏನೂ ಆಗುವುದಿಲ್ಲ ಎಂದೆ. ಎರಡನೆಯ ದಿನ ಮುಂಜಾನೆ ನಾನು ನನ್ನ ಮನೆಯ ಮೇಲಿದ್ದೆ, ಸಿದ್ದಲಿಂಗವ್ವ ಅವಳ ಮಾಳಿಗೆಯ ಮೇಲಿದ್ದಳು, ನಡುವೆ ಹೊಳೆ ಇತ್ತು.

ಫಕ್ರುಸಾಬರು ಮೀನುಗಾರರ ಹರಗೋಲು ತಂದರು. ಗೌಂಡಿಗಳಿಗೆ ಹರಗೋಲಿನ ವಿದ್ಯೆ ಇರುವುದಿಲ್ಲ. ಅವರು ಆ ದಿನವೇ ಕಲಿತರು. ಮೊದಲ ಸುತ್ತಿನಲ್ಲಿ ಅವರು ದಂಡೆ ಸೇರಿದ್ದು ಅಂದುಕೊಂಡ ಜಾಗದಲ್ಲಲ್ಲ. ಆದರೂ ಸಂಜೆಯೊಳಗೆ ಇಪ್ಪತ್ಮೂರು ಜನರನ್ನು ಗುಡ್ಡಕ್ಕೆ ಮುಟ್ಟಿಸಿದರು. ಈ ಸನ್ಮಾನ ಅದಕ್ಕಾಗಿ. ಇಲ್ಲಿಗೆ ನನ್ನ ಹಾಳೆ ಮುಗಿಯುತ್ತದೆ. ಮುಂದೆ "ದೇವರು ಅವರಿಗೆ ಆಯುರಾರೋಗ್ಯ ಕೊಡಲಿ" ಎಂದಷ್ಟೇ ಇದೆ.

ಅಧ್ಯಕ್ಷರೇ, ಇನ್ನೆರಡು ನಿಮಿಷ ಕೊಡಿ.

ಹರಗೋಲು ನನ್ನ ಮನೆಗೆ ಬಂದಾಗ ಅದರಲ್ಲಿ ಇಬ್ಬರಿಗೆ ಜಾಗವಿತ್ತು. ನಾನೊಬ್ಬ, ಸಿದ್ದಲಿಂಗವ್ವ ಒಬ್ಬಳು. ಫಕ್ರುಸಾಬರ ಲೆಕ್ಕ ಸರಿಯಾಗಿತ್ತು. ಆದರೆ ನನ್ನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಹಿಂದಿನ ದಿನವೇ ಮಾಳಿಗೆಗೆ ಸಾಗಿಸಿಟ್ಟಿದ್ದೆ. ಒಳಗೆ ಏನಿತ್ತು? ಉತ್ತಮ ಶಿಕ್ಷಕ ಪ್ರಶಸ್ತಿಯ ಫಲಕ, ನಿವೃತ್ತಿಯ ದಿನದ ಮಾನಪತ್ರ, ಏಳು ಶಾಲುಗಳು. ಅದನ್ನು ಬಿಟ್ಟು ಬರುವುದಿಲ್ಲ ಎಂದೆ.

"ಪೆಟಗಿ ಬ್ಯಾಡ್ರಿ ಮಾಸ್ತರ, ಮುದಕಿ ಬರಬೇಕ್ರಿ" ಎಂದರು.

"ಹಂಗಾರ ನಾನೂ ಬರಂಗಿಲ್ಲ. ನೀ ಹೋಗು" ಎಂದೆ.

ಇಪ್ಪತ್ತು ನಿಮಿಷ ಹೀಗೆ ವಾದ ಮಾಡಿದೆವು. ವಾದ ಎಂದರೆ ನಾನು ಮಾತನಾಡಿದೆ, ಅವರು ಹಗ್ಗ ಹಿಡಿದು ನಿಂತಿದ್ದರು. ಆಗ ಪಡುವಣ ಗೋಡೆ ಬಿತ್ತು. ಸದ್ದೇನೂ ಬಹಳ ಆಗಲಿಲ್ಲ. ಬಿದ್ದ ಮೇಲೆ ನಾನು ಬಾಯಿ ಮುಚ್ಚಿದೆ, ಪೆಟ್ಟಿಗೆಯನ್ನು ಬಿಡಲಿಲ್ಲ. ಇನ್ನು ತಡಮಾಡಿದರೆ ಇಬ್ಬರೂ ಹೋಗುತ್ತೇವೆಂದು ಅವರು ಅದನ್ನೂ ಇಳಿಸಿಕೊಂಡರು.

ಸಿದ್ದಲಿಂಗವ್ವನ ಮಾಳಿಗೆಯ ಪಕ್ಕದಿಂದಲೇ ಬಂದೆವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಹರಗೋಲು ನೋಡಿದಳು, ಪೆಟ್ಟಿಗೆ ನೋಡಿದಳು. "ಮಾಸ್ತರನ ಮೊದಲ ಒಯ್ಯೋ ಯಪ್ಪಾ. ನಾ ನಿಂತಿರ್ತೇನಿ" ಎಂದಳು. ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದೆ. ಆ ಪೆಟ್ಟಿಗೆಯನ್ನು ನೀರಿಗೆ ದೂಡಲು ಎಷ್ಟು ಹೊತ್ತು ಬೇಕಿತ್ತು? ನಾನು ದೂಡಲಿಲ್ಲ.

ನನ್ನನ್ನು ಇಳಿಸಿ ಫಕ್ರುಸಾಬರು ಒಂದು ಗುಟುಕು ನೀರನ್ನೂ ಕುಡಿಯದೆ ತಿರುಗಿದರು. ಅವರು ಹೋದಾಗ ಅಲ್ಲಿ ಮಾಳಿಗೆ ಇರಲಿಲ್ಲ.

ಮಲ್ಲಮ್ಮ, ನಿನ್ನ ಅವ್ವನ ಮಣ್ಣಿಗೆ ಫಕ್ರುಸಾಬರು ಬಂದು, "ತಂಗಿ, ಮುಟ್ಟಾಕ ಆಗಲಿಲ್ಲ, ನನ್ನಿಂದ ತಪ್ಪಾತು" ಎಂದು ಕೈಮುಗಿದರಲ್ಲ. ಅಲ್ಲಿ ನಾನೂ ನಿಂತಿದ್ದೆ. ಸುಮ್ಮನೆ ನಿಂತಿದ್ದೆ. ಮೀನುಗಾರರು ಇದ್ದರೂ ಇವರೇಕೆ ಹೋಗಬೇಕಿತ್ತು, ಬಾರದ ಕೆಲಸಕ್ಕೇಕೆ ಕೈ ಹಾಕಬೇಕಿತ್ತು ಎಂದು ನೀನು ಅತ್ತೆ. ಎರಡು ವರ್ಷ ಅವರ ಓಣಿಯಲ್ಲಿ ಕಾಲಿಡಲಿಲ್ಲ. ಆ ಎರಡು ವರ್ಷದಲ್ಲಿ ಅವರು ನಿನಗೆ ಪೆಟ್ಟಿಗೆಯ ವಿಷಯ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಒಮ್ಮೆ ನಾನೇ ಏಕೆಂದು ಕೇಳಿದೆ. "ಊರಾಗಿನ ಮಕ್ಕಳು ನಿಮ್ಮ ಕಡೆ ಕಲ್ತಾವ್ರಿ" ಎಂದರು. ಅಷ್ಟೇ.

ಹಳೇ ಊರಿನ ಸಭಿಕರೇ, ಬುದ್ಧಿಮಾತು ಹೇಳಲು ನನಗೆ ಯೋಗ್ಯತೆ ಇಲ್ಲ. ಆದರೆ ದಂಡೆ ಬಿಟ್ಟು ಬನ್ನಿ ಎಂದು ಯಾರು ಹೇಳಿದರೂ ನೀವು ಒಂದು ಮಾತು ಆಡುತ್ತೀರಿ: "ಮಾಸ್ತರ ಕಡೀತನಕ ಊರು ಬಿಡಲಿಲ್ಲ, ನಾವ್ಯಾಕ ಬಿಡೋಣು?" ಆರು ವರ್ಷದಿಂದ ಕೇಳುತ್ತಿದ್ದೇನೆ. ಕೇಳಿ ಸುಮ್ಮನಿದ್ದೇನೆ. ಮಾಸ್ತರರು ಊರು ಬಿಡದೇ ಇದ್ದದ್ದು ಊರಿನ ಪ್ರೀತಿಗಲ್ಲ. ಹೊಲ ಬಿಡಲಾರೆವು ಎನ್ನಿ, ಒಪ್ಪುತ್ತೇನೆ. ಹೊಲಕ್ಕೆ ಹಗಲು ಹೋಗಿ ಬರಬಹುದು. ಇಲ್ಲಿ ನೀರಿಲ್ಲ ಎನ್ನಿ, ಅದಕ್ಕೆ ಅಧ್ಯಕ್ಷರು ಇಲ್ಲೇ ಕುಳಿತಿದ್ದಾರೆ, ಅವರನ್ನು ಕೇಳಿ. ಆದರೆ ನನ್ನ ಹೆಸರು ಹೇಳಿ ಉಳಿಯಬೇಡಿ. ಆ ಹೆಸರು ಹೇಳಿ ಉಳಿದವಳು ಏನಾದಳೆಂದು ಈಗ ಕೇಳಿದಿರಿ.

ದಂಡೆಯ ನನ್ನ ಜಾಗವನ್ನು ಬಿಟ್ಟುಕೊಡುವ ಕಾಗದಕ್ಕೆ ಇಂದು ಮುಂಜಾನೆ ಸಹಿ ಮಾಡಿದ್ದೇನೆ. ದಾನಮ್ಮನವರು ಓದಿ ನೋಡಿ, ಸಹಿ ಸರಿಯಾಗಿದೆ ಎಂದರು. ಉಳಿದದ್ದನ್ನು ಅವರೂ ಈಗಲೇ ಮೊದಲ ಸಲ ಕೇಳುತ್ತಿದ್ದಾರೆ.

ಫಕ್ರುಸಾಬರು ಸಾಕು ಎಂದು ಕೈ ಮಾಡುತ್ತಿದ್ದಾರೆ. ಅವರು ಹೇಳಿದ ಒಂದು ಮಾತನ್ನಾದರೂ ನಾನು ಸಮಯಕ್ಕೆ ಸರಿಯಾಗಿ ಕೇಳಬೇಕು.

ಮಲ್ಲಮ್ಮ ಎದ್ದಿದ್ದಾಳೆ. ದಯವಿಟ್ಟು ಯಾರೂ ತಡೆಯಬೇಡಿ, ದಾರಿ ಬಿಡಿ. ಬಾಗಿಲ ಕಡೆಗಲ್ಲ, ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ಸಾಜಿಯಾ ಅವರೇ, ಆ ಹಾರವನ್ನು ಅಧ್ಯಕ್ಷರ ಕೈಗೆ ಕೊಡಬೇಡಿ, ಸ್ವಲ್ಪ ತಡೆಯಿರಿ. ಫಕ್ರುಸಾಬರಿಗೆ ಅವಳೇ ಹಾಕಲಿ, ಹಾಕುವ ಮನಸ್ಸಿದ್ದರೆ. ನನಗೆ ಅವಳು ಹೇಳಬೇಕಾದದ್ದನ್ನು ಕೆಳಗಿಳಿದು, ಅವಳ ಮುಂದೆ ನಿಂತು ಕೇಳುತ್ತೇನೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನನ್ನ ಋಣಭಾರದ ನಮಸ್ಕಾರ.