ಜೋಡಿ ತಪ್ಪಿದ ಬ್ಯಾಟರಿ

"ಹಲೋ? ಪೆಲ್ಟಿಯೆ ಅಂಗಡಿ. ಯಾರು ಮಾತಾಡ್ತಿರೋದು?"

…

"ಯಾರು? ಜೋರಾಗಿ ಹೇಳಿ. ಗಾಳಿ ಬಿಟ್ರೆ ಇನ್ನೇನೂ ಕೇಳಿಸ್ತಿಲ್ಲ."

…

"ಹಾಂ, ಆರ್ವೊ! ಎಲ್ಲಿಂದ ಮಾರಾಯ್ರೆ? ಹೆಪ್ಪುಗಟ್ಟಿದ ಸರೋವರದ ಮೇಲಿಂದಾನಾ? ಮೀನು ಬಿತ್ತಾ?"

…

"ಮೀನಲ್ಲ? ಮತ್ತೇನು ಬಿತ್ತು?"

ಗ್ಲೆನಿಸ್ ಪೆಲ್ಟಿಯೆ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕಾಫಿ ಲೋಟ ಪಕ್ಕಕ್ಕಿಟ್ಟಳು. ನಾರ್ತ್ ಬೇ ಪಟ್ಟಣದಲ್ಲಿ ವೇಪ್ ಎಂಬ ಬ್ಯಾಟರಿ ಸಿಗರೇಟು, ಅದರ ಬಿಡಿಭಾಗ, ಬ್ಯಾಟರಿ ಮಾರುವವಳು ಅವಳು. ಸಿಗರೇಟು ಬಿಡಲು ಒದ್ದಾಡುವ ಮುದುಕರೇ ಅವಳ ಗಿರಾಕಿಗಳು. ಅವರೆಲ್ಲರಲ್ಲಿ ಅವಳಿಗೆ ಹೆಮ್ಮೆ ಈ ಆರ್ವೊ ಲಾಹ್ತಿನೆನ್ ಮೇಲೆ. ನಲವತ್ತನಾಲ್ಕು ವರ್ಷ ಹೊಗೆಗೂಡಿನ ಹಾಗೆ ಸೇದಿದ ಮನುಷ್ಯ, ಹನ್ನೊಂದು ತಿಂಗಳಿಂದ ಒಂದು ಸಿಗರೇಟೂ ಮುಟ್ಟಿರಲಿಲ್ಲ.

"ಮೀನು ಹಿಡಿಯೋಕೆ ಮಂಜುಗಡ್ಡೇಲಿ ಕೊರೆದ ತೂತಿಗೇ ಬಿತ್ತಾ? ಇಡೀ ವೇಪ್? ಅಯ್ಯೋ ದೇವರೇ. ಯಾವ ರುಚಿ ತುಂಬಿಸಿದ್ರಿ?"

…

"ಮೇಪಲ್ ಸಿಹಿಪಾಕದ್ದಾ? ಹಾಗಾದ್ರೆ ಇವತ್ತು ಸಿಗೋ ಮೀನಿಗೆ ಏನೂ ಹಚ್ಚೋದು ಬೇಡ ಬಿಡಿ. ನಗ್ತಿಲ್ಲ, ನಗ್ತಿಲ್ಲ. ಈಗ ಮನೆಗೆ ಹೋಗಿ, ದಾರೀಲಿ ಅಂಗಡಿಗೆ ಬನ್ನಿ, ಬೇರೆ ಕೊಡ್ತೀನಿ."

…

"ಗಾಡಿ ಇಲ್ವಾ? ನಿಮ್ಮ ಗೆಳೆಯ ಗ್ಯಾರಿ ಹಿಮದ ಮೇಲೋಡೋ ಸ್ನೋಮೊಬೈಲಲ್ಲಿ ತಂದು ಗುಡಿಸಲಲ್ಲಿ ಬಿಟ್ಟುಹೋದ್ನಾ? ಬರೋದು ಸಂಜೆನಾ? ಸರಿ, ಸಂಜೆವರೆಗೆ ಒಂದಿಷ್ಟು ತಡ್ಕೊಳ್ಳಿ."

…

"ಏನು ಬಿಟ್ಟುಹೋಗಿದಾನೆ? … ಪ್ಯಾಕೆಟ್ಟಾ? ಸಿಗರೇಟು ಪ್ಯಾಕೆಟ್ಟಾ? ಆ ಗ್ಯಾರಿಗೆ ಬುದ್ಧಿ ಅನ್ನೋದು ಇದೆಯಾ? ಎಲ್ಲಿದೆ ಅದು? … ಒಲೆ ಪಕ್ಕ. ಮುಟ್ಟಿಲ್ಲ ತಾನೇ? ಆರ್ವೊ, ಹನ್ನೊಂದು ತಿಂಗಳು! ನಿಮ್ಮ ಹೆಂಡ್ತಿ ಹಿಲ್ಕಾ ನಿಮ್ಮನ್ನ ಮತ್ತೆ ಸೌನಾ ಹಬೆಕೋಣೆಯೊಳಗೆ ಬಿಟ್ಕೊಂಡಿದ್ದೇ ಸಿಗರೇಟು ಬಿಟ್ರಿ ಅಂತ. ಶನಿವಾರ ಹಬೆಯಲ್ಲಿ ಕೂತ್ರೆ ಮೈಯಿಂದ ಬರೋದು ಹೊಗೆ ವಾಸನೆ ಅಂತ ಎಷ್ಟು ವರ್ಷ ಹೊರಗೆ ನಿಲ್ಸಿದ್ಲು? … ಆರು. ಮತ್ತೆ?"

…

"ಮಾಡ್ತಿದ್ದೀರಾ? ಏನನ್ನ? … ಇನ್ನೊಂದು ವೇಪ್‌ನಾ? ಅಲ್ಲೇ ಕೂತ್ಕೊಂಡಾ? ಯಾತರಲ್ಲಿ?"

…

"ಟಾರ್ಚಿನ ಕೊಳವೆ, ಹಾಂ. ಕೋಟಿನಲ್ಲಿದ್ದ, ವೇಪಿನ ರಸ ಕಾಯಿಸೋ ಹೊಸ ಕಾಯಿಲ್, ಹಾಂ. ಗಾಳದ ತುದಿಗೆ ಕಟ್ಟೋ ಉಕ್ಕಿನ ತಂತಿ… ಅದ್ಯಾಕೆ? … ಓಹೋ, ಕಾಯಿಲ್‌ನ ಬ್ಯಾಟರಿಗೆ ಸೇರಿಸೋಕೆ. ಒತ್ತೋ ಗುಂಡಿ ಟಾರ್ಚಿಂದೇನಾ? ಕೆಲಸಗಾರ ಕಣ್ರೀ ನೀವು. ಆರ್ವೊ, ನಿಮ್ಮ ಬೆರಳು ಈಗ ಎಲ್ಲಿದೆ?"

…

"ಗುಂಡಿ ಮೇಲಿಂದ ತೆಗೀರಿ. … ತೆಗೆದ್ರಾ? ಆ ಕೈ ಮೇಲೆ ಕೂತ್ಕೊಳ್ಳಿ. ತಮಾಷೆಯಲ್ಲ, ಕೂತ್ಕೊಳ್ಳಿ."

ಗ್ಲೆನಿಸ್ ಹಣೆ ಉಜ್ಜಿಕೊಂಡಳು. ಒತ್ತಬೇಡಿ ಎಂದು ಬರೀ ಗದರಿಸಿದರೆ ಮುದುಕನ ಕೈ ನೇರ ಒಲೆಯ ಪಕ್ಕದ ಪ್ಯಾಕೆಟ್ಟಿಗೆ ಹೋಗುತ್ತದೆ. ಬ್ಯಾಟರಿ ಹಾಕಿ ಒತ್ತಿ ಎಂದರೆ ಕೈಯೇ ಹೋಗುತ್ತದೆ. ಮಾತು ಎಳೆಯುವುದೊಂದೇ ದಾರಿ.

"ಸರಿ, ಬ್ಯಾಟರಿ ಆರಿಸೋಣ. ಆತುರ ಬೇಡ. ಏನೇನಿದೆ, ಒಂದೊಂದಾಗಿ ಹೇಳಿ."

…

"ಮಂಜು ಕೊರೆಯೋ ಯಂತ್ರದ್ದಾ? ಎರಡಡಿ ಮಂಜುಗಡ್ಡೇನ ಬೆಣ್ಣೆ ಥರ ಕೊರೆಯುತ್ತೆ ಅದು! ನಿಮ್ಮ ತುಟಿ ಅದಕ್ಕಿಂತ ಗಟ್ಟೀನಾ? ಮುಂದಿನದು."

…

"ಸಂತೇಲಿ ತಗೊಂಡಿದ್ದಾ? ಮೇಲೆ ಏನು ಬರೆದಿದೆ? ಕನ್ನಡಕ ಹಾಕ್ಕೊಂಡು ಓದಿ. … ಒಂಬತ್ತು ಸಾವಿರದ ಒಂಬೈನೂರು ಮಿಲಿಆಂಪಿಯರ್ ಶಕ್ತಿನಾ? ಹಹ್ಹಾ! ಆರ್ವೊ, ಆ ಗಾತ್ರದ ಬ್ಯಾಟರೀಲಿ ಮೂರೂವರೆ ಸಾವಿರ ಇದ್ರೆ ಹೆಚ್ಚು. ಅಂಕಿ ದೊಡ್ಡದಾದಷ್ಟೂ ಸುಳ್ಳು ದೊಡ್ಡದು. ಅದು ಬ್ಯಾಟರಿಯಲ್ಲ, ಚುನಾವಣೆ ಭಾಷಣ. ಬೇರೆ ಏನಿದೆ?"

…

"ನನ್ನ ಅಂಗಡಿದಾ? ಕ್ರಿಸ್‌ಮಸ್ ಮುಂಚೆ ಕೊಟ್ಟಿದ್ನಲ್ಲ, ಆ ಜೋಡಿನಾ? ಉಗುರುಬಣ್ಣದ ಚುಕ್ಕೆ ಇದೆಯಾ? … ಕಿತ್ತಳೆ ಚುಕ್ಕೆ. ಅದೇ, ಅದೇ! ಅಬ್ಬ, ಜೀವ ಬಂತು. ಎರಡೂ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇವೆ, ಅಲ್ವಾ?"

…

"ಅಲ್ವಾ?"

…

"ಒಂದು ಎಲ್ಲಿ? … ತಲೆಗೆ ಕಟ್ಟೋ ಲೈಟಲ್ಲಿ. ಯಾವಾಗಿಂದ? … ಮೂರು ವಾರದಿಂದ! ಇನ್ನೊಂದು? … ಜೇಬಲ್ಲಿ."

ಗ್ಲೆನಿಸ್ ಸ್ಟೂಲಿನ ಮೇಲೆ ಕುಸಿದು ಕೂತಳು. ಅವಳ ಅಂಗಡಿಯಲ್ಲಿ ಎರಡು ಬ್ಯಾಟರಿ ಮಾರುವುದೆಂದರೆ ಒಂದು ಮದುವೆಯೇ. ಒಂದೇ ದಿನ ಬಂದ ಎರಡನ್ನು ಅಳೆದು, ತೂಗಿ, ಎರಡಕ್ಕೂ ಒಂದೇ ಬಣ್ಣದ ಚುಕ್ಕೆಯಿಟ್ಟು, ಬೇರೆ ಮಾಡುವುದಿಲ್ಲ ಎಂದು ಗಿರಾಕಿಯ ಬಾಯಲ್ಲಿ ಹೇಳಿಸಿಯೇ ಕೊಡುತ್ತಿದ್ದಳು.

"ಏನಂತ ಮಾತು ಕೊಟ್ಟಿದ್ರಿ ನೀವು? ಒಟ್ಟಿಗೆ ಚಾರ್ಜು, ಒಟ್ಟಿಗೆ ಕೆಲಸ, ಒಟ್ಟಿಗೆ ಮುದಿತನ. ಈಗ ನೋಡಿ, ಒಂದು ಮೂರು ವಾರ ದುಡಿದು ಬಸವಳಿದಿದೆ, ಇನ್ನೊಂದು ಜೇಬಲ್ಲಿ ಉಂಡು ಮಲಗಿದೆ. ಎರಡನ್ನೂ ಒಂದೇ ಕೊಳವೆಗೆ ಹಾಕಿದ್ರೆ, ತುಂಬಿರೋದು ಖಾಲಿ ಆದದ್ದನ್ನ ಬಲವಂತವಾಗಿ ಎಳ್ಕೊಂಡು ಹೋಗುತ್ತೆ. ಆ ಬಡಪಾಯಿ ಕಾದು, ಉಬ್ಬಿ, ಬೆಂಕಿ ಉಗುಳುತ್ತೆ. … ಒಂದೇ ಬ್ರ್ಯಾಂಡ್ ಆದ್ರೇನು? ನೀವೂ ನಿಮ್ಮ ತಮ್ಮನೂ ಒಂದೇ ಬ್ರ್ಯಾಂಡು, ಒಂದೇ ಮನೇಲಿ ಒಂದು ದಿನ ಇರ್ತೀರಾ? ಅದಿರ್ಲಿ, ಜೇಬಲ್ಲಿ ಬ್ಯಾಟರಿ ಜೊತೆ ಇನ್ನೇನಿದೆ?"

…

"ಬೀಗದ ಕೈ. ಚಿಲ್ಲರೆ. ಗಾಳದ ಮುಳ್ಳು. … ಕೋಟಿನ ಜೇಬಾ, ಪ್ಯಾಂಟಿನದಾ?"

…

"ಪ್ಯಾಂಟಿನದು. ಮುಂದಿನ ಜೇಬು. ಆರ್ವೊ, ಅದರ ಎರಡು ತುದಿಗೂ ಆ ಬೀಗದ ಕೈ ತಾಗಿದ್ರೆ ಹಿಲ್ಕಾಗೆ ನಾನು ಏನಂತ ಫೋನ್ ಮಾಡ್ಲಿ? ಮೆಲ್ಲಗೆ ತೆಗೀರಿ. ಒಣ ಕಾಲುಚೀಲ ಇದೆಯಾ? ಅದರೊಳಗೆ ಬ್ಯಾಟರಿ ಒಂದನ್ನೇ ಹಾಕಿ. … ಹಾಕಿದ್ರಾ? ಒಳ್ಳೇದು. ದೂರ ಇಡಿ."

…

"ಆ ಒಂದರಲ್ಲೇ ಮಾಡ್ತೀರಾ? ಹೂಂ… ಕಾಯಿಲ್ ಮೇಲೆ ಎಷ್ಟು ಅಂತ ಕೊರೆದಿದೆ? … ಸೊನ್ನೆ ಬಿಂದು ಒಂದು ಐದು ಓಮ್. ಅದು ಇಪ್ಪತ್ತೆಂಟು ಆಂಪಿಯರ್ ಎಳೆಯುತ್ತೆ ಮಾರಾಯ್ರೆ, ನಿಮ್ಮ ಬ್ಯಾಟರಿ ಕೊಡೋದೇ ಇಪ್ಪತ್ತು. … ಸ್ವಲ್ಪ ಹೊತ್ತಿಗೂ ಬೇಡ. ಸರಿ, ಇನ್ನೊಂದೇ ಪ್ರಶ್ನೆ. ಕೊಳವೆಗೆ ಎಲ್ಲಾದ್ರೂ ತೂತು ಬಿಟ್ಟಿದ್ದೀರಾ? ಒಳಗಿನ ಗಾಳಿ ಹೋಗೋಕೆ?"

…

"ಇಲ್ಲ. ನೀರು ಹೋಗಬಾರದು ಅಂತ ಎರಡೂ ಕಡೆ ಬಿಗಿದಿದ್ದೀರಿ. ಆರ್ವೊ, ಗಣಿಯಲ್ಲಿ ಎಷ್ಟು ವರ್ಷ ಇದ್ರಿ? … ಮೂವತ್ತೊಂದು. ಕೆಲಸ ಏನು? … ಸಿಡಿಮದ್ದು ತುಂಬೋದು. ಎರಡೂ ಕಡೆ ಮುಚ್ಚಿದ ಲೋಹದ ಕೊಳವೆ, ಒಳಗೆ ಬೆಂಕಿ. ಅದಕ್ಕೆ ನೀವು ಏನಂತೀರಿ? ನಾನು ಹೇಳಲ್ಲ. ನೀವೇ ಹೇಳಿ."

 

…

"ಹಾಂ. ಅದೇ. ಬಾಂಬು. ಬಾಯಿಗಿಟ್ಕೊಳ್ಳೋಕೆ ಹೊರಟಿದ್ರಿ ಅದನ್ನ. … ನಾಚಿಕೆ ಯಾಕೆ? ಬಿಚ್ಚಿಡಿ, ಅಷ್ಟೇ."

…

"ಆರ್ವೊ? ಅದೇನು ಸರಪರ ಶಬ್ದ?"

…

"ಮೀನಿನ ಪೊಟ್ಟಣ ಅಲ್ಲ. ಹದಿನೇಳು ವರ್ಷ ನಾನೂ ಸೇದಿದೋಳು. ಪ್ಯಾಕೆಟ್ಟಿನ ಮೇಲಿನ ಹಾಳೆ ಬಿಚ್ಚೋ ಶಬ್ದ ನಿದ್ದೇಲೂ ಗೊತ್ತಾಗುತ್ತೆ ನನಗೆ. ಕೆಳಗಿಡಿ."

…

"ಒಂದೇ ಒಂದು ಅನ್ನೋ ಲೆಕ್ಕ ನನಗೆ ಹೇಳ್ಬೇಡಿ. … ಗೊತ್ತು. ಬೈತಿಲ್ಲ ನಾನು. … ಆರ್ವೊ, ಕೇಳಿ. ನಾನೇ ಬರ್ತೀನಿ."

…

"ಹೌದು, ಅಲ್ಲಿಗೇ. ಹೌದು, ಜನ್ಮದಲ್ಲಿ ಆ ಮಂಜುಗಡ್ಡೆ ಮೇಲೆ ಕಾಲಿಡಲ್ಲ ಅಂದೋಳು ನಾನೇ. ನಗಿ, ನಗಿ. ಹೊಸ ವೇಪು, ಹೊಸ ಜೋಡಿ, ಎಲ್ಲ ತರ್ತೀನಿ. ಮಂಜುಗಡ್ಡೆ ಎಷ್ಟು ದಪ್ಪ ಇದೆ? … ಎರಡಡಿ. ಅಳತೆಪಟ್ಟಿಯ ಎರಡಡಿನಾ, ಮೀನು ಹಿಡಿಯೋರ ಎರಡಡಿನಾ? … ಹಾಂ. ನನ್ನ ಟ್ರಕ್ ತಡೆಯುತ್ತಾ? … 'ತಡೀಬಹುದು' ಅನ್ನೋದು ಉತ್ತರ ಅಲ್ಲ ಮಾರಾಯ್ರೆ!"

ಅವಳು ಆಗಲೇ ಒಂದು ತೋಳನ್ನು ಕೋಟಿಗೆ ತೂರಿಸಿದ್ದಳು. ಇನ್ನೊಂದು ಕೈಯಿಂದ ಗಾಜಿನ ಕಪಾಟು ತೆರೆದು, ಹಸಿರು ಚುಕ್ಕೆಯ ಜೋಡಿಯೊಂದನ್ನು ಡಬ್ಬಿ ಸಮೇತ ಎತ್ತಿಕೊಂಡಳು.

"ಅಲ್ಲಿವರೆಗೆ ಹಿಲ್ಕಾ ಕಟ್ಟಿಕೊಟ್ಟ ಆ ಕರೀ ಉಪ್ಪು ಮಿಠಾಯಿ ಬಾಯಿಗೆ ಹಾಕ್ಕೊಳ್ಳಿ. … ಮುಖ ಕಿವುಚೋ ಹಾಗಿರುತ್ತೆ, ಗೊತ್ತು. ಬಾಯಿಗೆ ಕೆಲಸ ಬೇಕಷ್ಟೇ. ನಿಮ್ಮ ಗುಡಿಸಲು ಹೇಗಿದೆ? … ಕೆಂಪು. ಸರಿ. ಪಕ್ಕದ್ದು? … ಅದೂ ಕೆಂಪು. ಗ್ಯಾರಿದು? … ನಿಮಗೆಲ್ಲ ಒಂದೇ ಡಬ್ಬಿ ಬಣ್ಣ ಸಿಕ್ಕಿತ್ತಾ? ನಂಬರ್ ಹೇಳಿ ಹಾಗಾದ್ರೆ, ಸರ್ಕಾರದ ನಂಬರ್. ಹೊರಗೆ ಗೋಡೆ ಮೇಲೆ ಬರೆದಿರ್ತಾರಲ್ಲ."

…

"ನೆನಪಿಲ್ವಾ? ನೋಡ್ಕೊಂಡು ಬಂದು ಹೇಳಿ. ನಾನು ಲೈನಲ್ಲೇ ಇರ್ತೀನಿ. ಪೆನ್ನು ತಗೊಂಡೆ."

ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಗಾಳಿ ಒಮ್ಮೆಲೇ ಕಿವಿಗೆ ಬಡಿಯಿತು. ಗ್ಲೆನಿಸ್ ಕಿಟಕಿಯಾಚೆ ತೂಗುಹಾಕಿದ್ದ ಉಷ್ಣಮಾಪಕ ನೋಡಿದಳು. ಸೊನ್ನೆಗಿಂತ ಕೆಳಗೆ ಮೂವತ್ತೊಂದು. ಇಷ್ಟು ಹೊತ್ತೂ ಆರ್ವೊನ ಎಲ್ಲ ಬ್ಯಾಟರಿಯ ಜಾತಕ ಹೇಳುತ್ತಿದ್ದವಳಿಗೆ ಆಗ ಹೊಳೆಯಿತು, ಒಂದು ಬ್ಯಾಟರಿಯನ್ನು ತಾನು ಕೇಳಿಯೇ ಇಲ್ಲ.

"ಆರ್ವೊ! ಫೋನ್ ಹಿಡ್ಕೊಂಡೇ ಹೊರಗೆ ಹೋದ್ರಾ? ಒಳಗೆ ಹೋಗಿ! ಈ ಚಳಿಗೆ ಫೋನಿನ ಬ್ಯಾಟರಿ ಒಂದು ನಿಮಿಷ ತಡೆಯಲ್ಲ! ಎಷ್ಟಿದೆ ಚಾರ್ಜು?"

…

"ನಾಲ್ಕು ಪರ್ಸೆಂಟು! ಬೇಗ ಹೇಳಿ ನಂಬರ್, ಬೇಗ!"

…

"ಐದು. ಹಾಂ. … ಎರಡು. ಹಾಂ, ಆಮೇಲೆ? … ಮಂಜು ಮೆತ್ತಿದ್ಯಾ? ಒರೆಸಿ, ಕೈಯಲ್ಲಿ ಒರೆಸಿ!"

…

"ಆಮೇಲೆ, ಆರ್ವೊ?"

…

"ಹಲೋ? ಐದು, ಎರಡು, ಆಮೇಲೆ? … ಹೋಗ್ಲಿ ಬಿಡಿ, ಐದು ಎರಡು ಅಂತ ಶುರುವಾಗೋ ಬಾಗಿಲು ಎಷ್ಟಿದ್ರೂ ಅಷ್ಟನ್ನೂ ತಟ್ಟುತ್ತೀನಿ. ಪ್ಯಾಕೆಟ್ ಮುಟ್ಬೇಡಿ, ಕೇಳಿಸ್ತಾ? ಹೊರಟೆ ನಾನು. ಆರ್ವೊ? ಹಲೋ? ಹಲ—"