ಕುರಿಗೆ ಸೂಜಿ, ಕೂಸಿಗೆ ಭಂಡಾರ

…ಅಲ್ಲಲೇ, ನಮ್ಮ ಮಾವ, ಅಂದ್ರ ನಿಮ್ಮ ಮುತ್ಯಾನ ಅಪ್ಪ, ದಡ್ಡ ಅಂತ ತಿಳಕೋಬ್ಯಾಡ್ರಿ. ಬಾಳ ಶ್ಯಾಣ್ಯಾ! ಮುಂಬೈ ಸರಕಾರದ ಕಾಲ ಅದು, ನಾವು ತುಬಚಿ ಊರಾಗ ಇದ್ವಿ. ನಿಮ್ಮಪ್ಪ ಆಗಿನ್ನೂ ಅಂಬೆಗಾಲ… ಅಲ್ಲ, ನಡ್ಯಾಕ ಹತ್ತಿದ್ದ. ಕುರಿಗೆ ರೋಗ ಬರಬಾರದಂತ ದನದ ಡಾಕ್ಟರು ಸೂಜಿ ಹಾಕಾಕ ಬಂದ್ರ, ಎಲ್ಲಾರಕಿಂತ ಮೊದಲ ನಮ್ಮ ಹಿಂಡು ನಿಲ್ಲಬೇಕು. ಒಂದೊಂದ ಕುರಿ ಅವುಚಿ ಹಿಡದು, "ಚುಚ್ಚರಿ ಸಾಹೇಬ್ರ, ಛಲೋತ್ನಂಗ ಚುಚ್ಚರಿ" ಅಂತಿದ್ದ. ಡಾಕ್ಟರಿಗೆ ಚಾ ಏನು, ಬೆಣ್ಣಿ ಏನು!

ಅದಾಗಿ ಸ್ವಲ್ಪ ದಿನಕ್ಕ ಹುಡುಗರಿಗೆ ದೇವಿ ಹಾಕಾಂವ ಬಂದ. ದೇವಿ ಅಂದ್ರ ಸಿಡುಬು, ಗೊತ್ತಾತಿಲ್ಲೊ? ಮೈತುಂಬ ಗುಳ್ಳಿ ಎದ್ದು ಜೀವಾ ತಗಿಯೂ ಜಡ್ಡು. ಅದು ಬರಬಾರದಂತ ತೋಳಿಗೆ ಚುಚ್ಚೂದಕ್ಕ ದೇವಿ ಹಾಕೂದು ಅಂತಿದ್ವಿ. ನಮ್ಮ ಶ್ಯಾಣ್ಯಾ ಏನ ಮಾಡ್ಯಾನು? ನಿಮ್ಮಪ್ಪನ್ನ, ನನ್ನ ನೆಗೆಣ್ಣಿ ಮಗಳು ಗಂಗಿನ್ನ, ಇಬ್ಬರನ್ನೂ ಬಣವಿ ಹಿಂದ ಅಡಗಿಸಿಟ್ಟ! "ಮನ್ಯಾಗ ಹುಡುಗರ ಇಲ್ರೀ." ಅತ್ಲಾಗಿಂದ ನಿಮ್ಮಪ್ಪ ಊರ ಕೇಳೂಹಂಗ ಚೀರಾಕತ್ತಾನ. "ಮತ್ತ ಅದೇನ್ರಿ?" "ಆಡಿನ ಮರಿರೀ!"

ದೇವಿ ಹಾಕಾಂವ ಚಾವಡಿ ಕಡೆ ಹೋದಮ್ಯಾಲೆ ನಾ ಕೇಳಿದೆ, "ಮಾವಾರ, ಕುರಿಗೆ ಹಾಕಸ್ತೀರಿ, ಕೂಸಿಗ್ಯಾಕ ಬ್ಯಾಡರಿ?"

"ಕುರಿ ಸತ್ರ ಲುಕ್ಸಾನ ಆಕ್ಕೈತವಾ. ಹುಡುಗರನ್ನ ಬೀರಪ್ಪ ದೇವರು ಕಾಯ್ತಾನ. ಹಣಿಗೆ ಅವನ ಅರಿಷಿಣದ ಭಂಡಾರ ಹಚ್ಚು, ಸಾಕು."

ಹಂಗಾರ ಕುರಿ ಕಾಯಾಕ ಬೀರಪ್ಪಗ ಪುರುಸೊತ್ತಿಲ್ಲೇನು? ಬಾಯಿತನಕ ಬಂತು, ನುಂಗಿದೆ. ಅತ್ತಿ ಅಂದ್ಲು, ಚುಚ್ಚಿಸಿದ್ರ ದೇವಿ ಸಿಟ್ಟಾಗ್ತಾಳ. ಬಾಜೂ ಮನಿಯಾಕಿ ಅಂದ್ಲು, ಹಿಪ್ಪರಗ್ಯಾಗ ಒಂದ ಹುಡುಗನ ಕೈನ ಬಿದ್ದ ಹೋತಂತ. ಯಾರ ಹುಡುಗ? ಗೊತ್ತಿಲ್ಲ. ನೀ ಕಂಡೀಯೇನು? ಇಲ್ಲ. ಆದ್ರ ಖರೇನಂತ! ಇನ್ನ ನನ್ನ ಗಂಡ, ನಿಮ್ಮ ಮುತ್ಯಾ? ಅಪ್ಪನ ಮುಂದ ಮಾತಾಡೂ ವ್ಯಾಳ್ಯಾ ಬಂತಂದ್ರ ಅವಗ ಚಪ್ಪಲಿ ಸಿಗತಿರಲಿಲ್ಲ, ಹುಡುಕಾಕತ್ತಿರ್ತಿದ್ದ.

ನೀರ ತರಾಕ ಹೊಕ್ಕೇನಂತ ಕೊಡ ತಗೊಂಡು, ಕೂಸಿನ್ನ ಬಗಲಾಗ ಎತಗೊಂಡು ಸೀದಾ ಚಾವಡಿಗೆ ನಡದೆ. ಹೋಗೂ ಮುಂದ ನೆಗೆಣ್ಣಿನ್ನ ಕರದೆ, "ಅಕ್ಕಾ, ಗಂಗಿನ್ನ ತಗೊಂಡ ಬಾ."

"ಮಾವ ಬೈತಾನವಾ, ಒಲ್ಲೆ" ಅಂದ್ಲು. ಹೆದರಿದ್ಲು, ಪಾಪ.

ನಾ ಒಬ್ಬಾಕಿನ ಹೋಗಿ ಕೂಸಿಗೆ ದೇವಿ ಹಾಕಿಸಿದೆ. ನಿಮ್ಮಪ್ಪನ ತೋಳು ಬಾತು, ಜ್ವರ ಬಂತು. ಆಹಾ, ಮನಿಮಂದಿಗೆ ಹಬ್ಬ! ಎಲ್ಲಾರೂ ಬಂದು ನನಗ ಮಂಗಳಾರತಿ ಮಾಡಿ ಹೋದ್ರು. ಜ್ವರ ಇಳೀತು, ಬೈಗುಳ ಇಳೀಲಿಲ್ಲ.

ಬ್ಯಾಸಗಿಗೆ ಊರಾಗ ದೇವಿ ಎದ್ವು. ಗಂಗಿಗೆ ಬಂತು. ಬೇವಿನ ತಪ್ಪಲದ ಮ್ಯಾಲೆ ಮಲಗಿಸಿದ್ರು. ಒಂದ ಮನ್ಯಾಗ ಇದ್ರೂ ನಿಮ್ಮಪ್ಪಗ ಏನೂ ಆಗಲಿಲ್ಲ. ಗಂಗಿ ಜೀವ ಉಳೀತು, ಕಣ್ಣ ಎರಡೂ ಹೋದ್ವು. ಮುಂದ ದೇವಿ ಹಾಕಾಂವ ಬಂದಾಗ ನಮ್ಮ ಮಾವ ತಾನ ಮನಿಮನಿಗೆ ಹೋಗಿ ಹುಡುಗರನ್ನ ಎಳಕೊಂಡ ಬಂದ. ಬಂತು ಬುದ್ಧಿ! ಮಾವ ಸಾಯೂತನಕ ನೆಗೆಣ್ಣಿ ಅವಗ ಊಟಕ್ಕ ನೀಡಿದ್ಲು, ಆದ್ರ ಅವನ ಜೋಡಿ ಒಂದ ಮಾತ ಆಡಲಿಲ್ಲ.

ಅದಕ್ಕ ಹೇಳ್ತೇನಿ, ಕೂಸಿನ ವಿಚಾರದಾಗ ಯಾರರ 'ಹಂಗಂತ, ಹಿಂಗಂತ' ಅಂದ್ರ ಅವರನ್ನ ಬಾಗಲಾಗ ನಿಲ್ಲಿಸಿ ಮಾತಾಡ್ರಿ, ಒಳಗ ಕರೀಬ್ಯಾಡ್ರಿ. ಸಾಕಿನ್ನ, ರೊಟ್ಟಿ ಆರಾಕತ್ತಾವು, ಏಳ್ರಿ.